ಗಿರಣಿಯ ಕಡೆ ಮುಖಮಾಡಿದ ಮನೆಗಳು

ನಮ್ಮ ಕೆಳಕೇರಿಯಲ್ಲಿ ಮನೆಗಳು ಅಮಾವಾಸ್ಯೆಗೊಮ್ಮೆ ಜಾಗ ಬದಲಿಸುತ್ತವೆ. ಬಾವಿಯ ಪಕ್ಕ ಮಲಗಿದವರು ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಹುಣಸೆಮರ ಇರುತ್ತದೆ, ಇಲ್ಲವೇ ಕುಂಬಾರರ ಮಡಕೆ ಸುಡುವ ಆವಿಗೆ ಇರುತ್ತದೆ. ಯಾರೂ ಗಾಬರಿಯಾಗುವುದಿಲ್ಲ. ಅಂಗಳ ಗುಡಿಸಿ, ಹೊಸ ನೆರೆಮನೆಗೆ ಒಂದು ಲೋಟ ಚಹಾ ಕಳಿಸಿ, ಕೆಲಸಕ್ಕೆ ಹೊರಡುತ್ತಾರೆ. ಬಟ್ಟೆ ಒಣಹಾಕುವ ಹಗ್ಗವನ್ನು ಎರಡು ಮನೆಗಳ ನಡುವೆ ಕಟ್ಟುವ ರೂಢಿ ನಮ್ಮಲ್ಲಿಲ್ಲ. ಅಮಾವಾಸ್ಯೆಯ ಸಂಜೆ ಆಡುಗಳನ್ನು ಒಳಗೆ ಕಟ್ಟಲು ಮರೆತವರು ಮರುದಿನ ಓಣಿಯೆಲ್ಲ ಅಲೆಯುತ್ತಾರೆ. ನೆರೆಯವರ ಜೊತೆ ಜಗಳವಾದರೆ ತಿಂಗಳು ಮುಗಿಯುವವರೆಗೆ ಬಾಯಿ ಬಿಗಿಹಿಡಿದುಕೊಂಡರೆ ಸಾಕು.

ಏರಿನ ಮೇಲಿರುವ ಮೇಲ್ಪೇಟೆಯ ಮನೆಗಳು ಕಟ್ಟಿದಲ್ಲೇ ಇರುತ್ತವೆ. ಅವುಗಳಿಗೆ ಬಾಗಿಲ ಮೇಲೆ ನಂಬರಿದೆ, ಗೋಡೆಗೆ ಟಪಾಲು ಡಬ್ಬಿಯಿದೆ, ಕಂಬದಿಂದ ಇಳಿದ ತಂತಿಗಳಿವೆ. ಕೆಳಕೇರಿಯ ಕಟ್ಟಡಗಳಲ್ಲಿ ಕದಲದೆ ನಿಂತಿರುವುದು ನನ್ನ ಹಿಟ್ಟಿನ ಗಿರಣಿ ಒಂದೇ. ಅದರ ಹಿಂದಿನ ಕೋಣೆಯಲ್ಲಿ ನಾನು ಇರುತ್ತೇನೆ. ಊರಿಗೆ ಬಂದ ನೆಂಟರು ಮೊದಲು ನನ್ನ ಬಾಗಿಲಿಗೇ ಬರುತ್ತಾರೆ. ‘ಸಾತಕ್ಕಾ, ಫಕೀರವ್ವನ ಮನೀ ಈ ತಿಂಗಳ ಎಲ್ಲೈತ್ರಿ?’ ಎಂದು ಕೇಳುತ್ತಾರೆ. ನಾನು ಹಿಟ್ಟಿನ ಕೈ ಚಾಚಿ ದಾರಿ ತೋರಿಸುತ್ತೇನೆ.

ದಿಲ್ಶಾದ್ ನನಗೆ ಪರಿಚಯವಾದದ್ದು ಗಿರಣಿಯಲ್ಲೇ. ಅವಳು ಹುಟ್ಟಾ ಕಿವುಡಿ. ಅವಳ ಗಂಡ ಮೌಲಾಲಿಯೂ ಹಾಗೆಯೇ. ಇಬ್ಬರೂ ಕಿವುಡರ ಶಾಲೆಯಲ್ಲಿ ಓದುವಾಗ ಮೆಚ್ಚಿಕೊಂಡು, ಮನೆಯವರನ್ನು ಒಪ್ಪಿಸಿ ಮದುವೆಯಾದವರು. ಅವಳು ರವಿಕೆ ಹೊಲಿಯುತ್ತಿದ್ದಳು. ಜೋಳ ಬೀಸಿಸಲು ಬಂದರೆ ಬೇಗ ಹೋಗುತ್ತಿರಲಿಲ್ಲ. ಕಾರಣ ನನಗೆ ತಡವಾಗಿ ತಿಳಿಯಿತು. ಗಿರಣಿಯ ಪಟ್ಟಿ ತಿರುಗತೊಡಗಿದರೆ ಅಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ. ಸಣ್ಣಗೆ ಬೀಸಬೇಕೋ ತರಿಯಾಗಿ ಬೀಸಬೇಕೋ, ಚೀಲ ಯಾರದು, ಸರದಿ ಯಾರದು, ಎಲ್ಲವನ್ನೂ ಕೈಯಲ್ಲೇ ಹೇಳಿಕೊಳ್ಳುತ್ತೇವೆ. ಅಷ್ಟು ಹೊತ್ತು ಅವಳು ಎಲ್ಲರಂತೆ ಒಬ್ಬಳಾಗಿರುತ್ತಿದ್ದಳು. ನನ್ನ ಒರಟು ಸನ್ನೆಗಳನ್ನು ನೋಡಿ ನಗುತ್ತಿದ್ದಳು. ಆಮೇಲೆ ಒಂದೊಂದಾಗಿ ತಿದ್ದತೊಡಗಿದಳು. ವರ್ಷಗಳು ಕಳೆದಂತೆ ಅವಳ ಭಾಷೆಯಲ್ಲಿ ನಾನು ತೊದಲುವಷ್ಟು ಕಲಿತೆ.

ಮೌಲಾಲಿ ಗಡಿಯಾಚೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಅಲ್ಲಿನ ಮಾತೂ ಬೇರೆ, ಲಿಪಿಯೂ ಬೇರೆ. ದೂರದಲ್ಲಿರುವ ಗಂಡನ ಜೊತೆ ಬೇರೆ ಹೆಂಗಸರು ಫೋನಿನಲ್ಲಿ ಮಾತಾಡುತ್ತಾರೆ. ಇವರಿಬ್ಬರಿಗೆ ಒಬ್ಬರ ಕೈ ಇನ್ನೊಬ್ಬರಿಗೆ ಕಾಣಬೇಕು. ಕೆಳಕೇರಿ ತಗ್ಗಿನಲ್ಲಿದೆ. ಗುಡ್ಡದಾಚೆಯ ಟವರಿನಿಂದ ಧ್ವನಿ ಹೇಗೋ ಕುಂಟುತ್ತ ಬರುತ್ತದೆ, ಚಿತ್ರ ಬರುವುದಿಲ್ಲ. ಆದ್ದರಿಂದ ದಿಲ್ಶಾದ್ ದಿನಾ ಸಂಜೆ ಏರು ಹತ್ತಿ ಮೇಲ್ಪೇಟೆಗೆ ಹೋಗುತ್ತಿದ್ದಳು. ಅಲ್ಲಿ ಹಣಮಂತರಾಯರ ಮನೆಯ ಹೊರಗೋಡೆಗೆ ಒರಗಿ ಕೂತರೆ ಅವರ ವೈಫೈ ಸಿಗುತ್ತಿತ್ತು. ಪಾಸ್‌ವರ್ಡನ್ನು ಅವರೇ ಯಾರಿಗೋ ಕೊಟ್ಟಿದ್ದರು, ಅದು ಕೆಳಕೇರಿಯೆಲ್ಲ ಹಬ್ಬಿತ್ತು. ಪರೀಕ್ಷೆಯ ಫಲಿತಾಂಶ ನೋಡುವವರು, ರೇಷನ್ನಿನ ಅರ್ಜಿ ತುಂಬುವವರು, ಸುಮ್ಮನೆ ಸಿನಿಮಾ ನೋಡುವವರು, ಎಲ್ಲರೂ ಆ ಗೋಡೆಗೆ ಸಾಲಾಗಿ ಕೂತಿರುತ್ತಿದ್ದರು. ಅವರ ನಡುವೆ ದಿಲ್ಶಾದ್ ಮೊಣಕಾಲ ಮೇಲೆ ಫೋನು ನಿಲ್ಲಿಸಿಕೊಂಡು ಎರಡೂ ಕೈ ಆಡಿಸುತ್ತ ಗಂಡನ ಜೊತೆ ಮಾತಾಡುತ್ತಿದ್ದಳು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಗಂಡ ಹೆಂಡತಿಯ ಮಾತನ್ನು ಬೀದಿಯಲ್ಲಿ ಆಡಬೇಕಾದ ಕಷ್ಟವನ್ನು ಅವಳು ಒಮ್ಮೆ ಮಾತ್ರ ನನಗೆ ಹೇಳಿದಳು. ‘ಕೆಲವು ಮಾತು ನಾನು ಹೇಳೋದೇ ಇಲ್ಲ ಅಕ್ಕಾ’ ಎಂದು ಸನ್ನೆ ಮಾಡಿ ಸೆರಗಿನಿಂದ ತನ್ನ ಕೈಗಳನ್ನು ಮುಚ್ಚಿಕೊಂಡಳು.

ಅವಳು ಬಸುರಿಯಾದಳು. ಹೊಟ್ಟೆ ಮುಂದೆ ಬಂದ ಮೇಲೂ ಏರು ಹತ್ತುವುದನ್ನು ಬಿಡಲಿಲ್ಲ.

ಆಗಲೇ ಹಣಮಂತರಾಯರು ಪಾಸ್‌ವರ್ಡ್ ಬದಲಿಸಿದ್ದು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಗೋಡೆಗೆ ಒರಗಿ ಕೂತ ಗಂಡಸರು ಬೀಡಿ ಸೇದಿ ಅಲ್ಲೇ ಎಸೆಯುತ್ತಿದ್ದರು, ಕಿಟಕಿಯೊಳಗೆ ಇಣುಕುತ್ತಿದ್ದರು, ಅವರ ಸೊಸೆ ಅಂಗಳಕ್ಕೆ ಬರುವಂತಿರಲಿಲ್ಲ. ದಿಲ್ಶಾದ್ ಆ ಸಂಜೆ ಹೋಗಿ ಕೂತು, ಫೋನನ್ನು ಮತ್ತೆ ಮತ್ತೆ ಒತ್ತಿ, ಕತ್ತಲಾಗುವ ಮೊದಲು ಇಳಿದು ಬಂದಳು. ಮರುದಿನವೂ ಹೋದಳು. ಮೂರನೆಯ ದಿನ ಅವಳು ಏರು ಹತ್ತುತ್ತಿರುವಾಗ ನನ್ನ ಮಡಿಲಲ್ಲಿ ಫೋನು ಅದುರಿತು, ಗಿರಣಿ ನಿಲ್ಲಿಸಿ ಕಿವಿಗೆ ಹಿಡಿದೆ.

‘ಸಾತಕ್ಕ ಅಂದ್ರ ನೀವೇನ್ರಿ? ನಾನು ಬಸಲಿಂಗ, ಮೌಲಾಲಿ ಜೋಡಿ ಕೆಲಸ ಮಾಡಾಂವ. ನಿಮ್ಮ ನಂಬರು ಅವನ ಚೀಲದಾಗ ಇತ್ತು.’

‘ಏನಾತು ಅವಗ?’ ಎಂದೆ.

‘ಹಂಚು ಒತ್ತೋ ಮಷೀನಿನಾಗ ಅವನ ಬಲಗೈ ಸಿಕ್ಕಿತ್ರಿ. ಮೊಣಕೈ ಕೆಳಗ ತಗದಾರ. ನಿನ್ನಿ ಆತು. ಜೀವಕ್ಕೇನೂ ಆಗಿಲ್ರಿ, ಆದ್ರ ಒಳಗ ಒಯ್ಯೋ ಮುಂದ ಅಂವ ಎಡಗೈಲಿ ಫೋನ್ ತೋರಿಸಿ ತೋರಿಸಿ ಕೇಳಿದನ್ರಿ. ಹೆಂಡ್ತಿನ ತೋರಿಸ್ರಿ ಅಂತ. ನಾವು ಹಚ್ಚಿದ್ವಿ, ಹಚ್ಚಿದ್ವಿ. ಆಕಿ ಸಿಗಲೇ ಇಲ್ಲ. ಡಾಕ್ಟರು ಇನ್ನ ತಡದ್ರ ಪ್ರಾಣ ಹೋಗತೈತಿ ಅಂದ್ರು. ಏನು ಮಾಡ್ತಾರ ಅಂತ ಅವಗ ತಿಳಿಸಿ ಹೇಳೋರು ಒಬ್ರೂ ಇರಲಿಲ್ರಿ ಅಕ್ಕಾ. ನನಗ ಅವನ ಭಾಷೆ ಅಷ್ಟು ಬರಂಗಿಲ್ಲ.’

ದಿಲ್ಶಾದ್ ಇಳಿದು ಬರುವವರೆಗೆ ನಾನು ಗಿರಣಿಯ ಕಟ್ಟೆಯ ಮೇಲೆ ಕೂತಿದ್ದೆ. ಆ ಸುದ್ದಿಯನ್ನು ಹೇಳಲು ನನ್ನಲ್ಲಿದ್ದದ್ದು ನನ್ನ ಎರಡು ಕೈ ಮಾತ್ರ. ಬಾಯಲ್ಲಿ ಹೇಳುವಾಗ ಮನುಷ್ಯ ಎಲ್ಲಾದರೂ ನೋಡುತ್ತ ಹೇಳಬಹುದು. ಅವಳಿಗೆ ಅವಳ ಮುಖ ನೋಡುತ್ತಲೇ ಹೇಳಬೇಕಿತ್ತು. ಮೌಲಾಲಿ ಎಂದು ತೋರಿಸಿದೆ, ಯಂತ್ರ ಎಂದು ತೋರಿಸಿದೆ, ಆಮೇಲೆ ನನ್ನ ಎಡಗೈ ಅಂಚನ್ನು ಬಲ ಮೊಣಕೈಯ ಕೆಳಗೆ ಇಟ್ಟೆ. ಅಷ್ಟರಲ್ಲೇ ಅವಳಿಗೆ ತಿಳಿದುಹೋಯಿತು. ಅವಳು ಅಳಲಿಲ್ಲ. ಬಹಳ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

‘ಕೈ ತೆಗೆಯುವ ಮೊದಲು ಅವರಿಗೆ ಹೇಳಿದರಾ?’

ನಾನು ಇಲ್ಲ ಎಂದು ತಲೆಯಾಡಿಸಿದೆ. ಆಗ ಅವಳ ಬಾಯಿಂದ ಒಂದು ಶಬ್ದ ಬಂತು. ಅಂಥ ಶಬ್ದವನ್ನು ನಾನು ಮತ್ತೆಂದೂ ಕೇಳಿಲ್ಲ. ಅದು ಅವಳಿಗೆ ಕೇಳಿಸಿರಲಿಕ್ಕಿಲ್ಲ.

ಹಣಮಂತರಾಯರಿಗೆ ವಿಷಯ ಮುಟ್ಟಿದಾಗ ಅವರು ಕೋಲೂರಿಕೊಂಡು ಗಿರಣಿಗೆ ಬಂದರು. ‘ನನಗ ಗೊತ್ತಿರಲಿಲ್ಲ ಸಾತವ್ವ’ ಎಂದರು. ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟರು. ಆದರೆ ಅಷ್ಟರಲ್ಲಿ ದಿಲ್ಶಾದಳಿಗೆ ರಕ್ತಸ್ರಾವ ಕಾಣಿಸಿಕೊಂಡು, ಹೆರಿಗೆಯಾಗುವವರೆಗೆ ಹಾಸಿಗೆ ಬಿಟ್ಟು ಏಳಕೂಡದು ಎಂದು ಡಾಕ್ಟರಮ್ಮ ಹೇಳಿದ್ದರು. ಮೇಲ್ಪೇಟೆಯ ಗೋಡೆ ಅವಳಿಗೆ ಇನ್ನು ದೂರವೇ.

ನಾನು ಇಂಟರ್ನೆಟ್ ಕಂಪನಿಯ ಕಚೇರಿಗೆ ಹೋದೆ. ಕೌಂಟರಿನ ಹಿಂದೆ ಕೂತಿದ್ದವನು ಮರ್ಯಾದಸ್ಥನೇ, ಕುರ್ಚಿ ಕೊಟ್ಟ.

‘ಮನೀ ಎಲ್ಲಿ ಬರತೈತ್ರಿ?’

‘ಈ ತಿಂಗಳು ಬಾವಿ ಬಾಜೂಕ.’

‘ಮುಂದಿನ ತಿಂಗಳು?’

‘ಅದು ಯಾರಿಗೆ ಗೊತ್ತಿರತೈತೋ ತಮ್ಮಾ?’

ಅವನು ಪೆನ್ನು ಕೆಳಗಿಟ್ಟ. ‘ಅವ್ವಾರ, ನಾನು ಇಂದು ವೈರ್ ಎಳದ್ರ ಅಮಾಸಿಗೆ ಅದು ಹರದು ಹೋಗತೈತಿ. ಸ್ಥಿರ ವಿಳಾಸ ಇಲ್ದಿದ್ರ ಕಂಪ್ಯೂಟರು ಅರ್ಜೀನೇ ತಗೊಳ್ಳಂಗಿಲ್ಲ. ನಿಮ್ಮ ಗಿರಣಿಗೆ ಬೇಕಾದ್ರ ನೋಡೋಣು. ಆದ್ರ ಒಬ್ಬರ ಸಲುವಾಗಿ ಅಷ್ಟು ಕಂಬ ಹುಗಿಯಾಕ ಮ್ಯಾಲಿನವರು ಒಪ್ಪೂದಿಲ್ಲ.’

‘ಕೆಳಕೇರಿ ಅಂದ್ರ ಒಬ್ಬರೇನೋ?’ ಎಂದೆ. ಅವನು ಎದ್ದು ನಿಂತು ನನ್ನನ್ನು ಬಾಗಿಲವರೆಗೆ ಕಳಿಸಿಕೊಟ್ಟ.

ಹಿಂದಿರುಗುವಾಗ ಚನ್ನವೀರಣ್ಣನ ಮನೆಯ ಮುಂದೆ ಕಾಲು ನಿಂತಿತು. ಅವನು ಒಂದು ಕಾಲದಲ್ಲಿ ಊರಿಗೆಲ್ಲ ಕೇಬಲ್ ಟಿವಿ ಕೊಡುತ್ತಿದ್ದವನು. ಕೆಳಕೇರಿಗೂ ಒಮ್ಮೆ ತಂತಿ ಎಳೆದು, ಅಮಾವಾಸ್ಯೆಯ ಮರುದಿನ ತುಂಡಾದ ತಂತಿಗಳ ರಾಶಿ ಹೊತ್ತು ಹೋಗಿದ್ದ. ಈಗ ಕೇಬಲ್ ನೋಡುವವರಿಲ್ಲದೆ, ಕಂಪನಿಯಿಂದ ದೊಡ್ಡ ಲೈನೊಂದನ್ನು ತಂದು ಮೇಲ್ಪೇಟೆಯ ಕೆಲವು ಮನೆಗಳಿಗೆ ನೆಟ್ ಹಂಚುತ್ತಿದ್ದ. ಅದಕ್ಕೆ ಅವನ ಹತ್ತಿರ ಪರವಾನಗಿಯೂ ಇತ್ತು. ನಾನು ಎಲ್ಲವನ್ನೂ ಹೇಳಿದೆ. ಅವನು ನನ್ನನ್ನು ಮಾಳಿಗೆಗೆ ಕರೆದೊಯ್ದ. ಅಲ್ಲಿಂದ ಕೆಳಗೆ ನೋಡಿದರೆ ನನ್ನ ಗಿರಣಿಯ ತಗಡಿನ ಮಾಡು ಬಿಸಿಲಿಗೆ ಹೊಳೆಯುತ್ತಿತ್ತು.

‘ತಂತಿ ಬ್ಯಾಡ’ ಎಂದ. ‘ಇಲ್ಲೊಂದು ಡಿಶ್ ತಟ್ಟಿ, ನಿನ್ನ ಗಿರಣಿ ಮ್ಯಾಲ ಒಂದು ತಟ್ಟಿ. ನೆಟ್ ಗಾಳ್ಯಾಗ ಇಳಸಬಹುದು. ಗಿರಣಿಯಿಂದ ಮನಿಮನಿಗೆ ಸಣ್ಣ ತಟ್ಟಿ. ಮನೀ ಎಲ್ಲಿಗರ ಹೋಗಲಿ, ತಟ್ಟಿ ಮಾರಿ ಗಿರಣಿ ಕಡೆ ತಿರುಗಿಸಿದ್ರ ಆತು.’

‘ಮದಲ ಯಾಕ ಮಾಡಲಿಲ್ಲ ನೀನು?’

‘ಯಾರೂ ಕೇಳಲಿಲ್ಲ’ ಎಂದ. ಮಾಳಿಗೆಯಿಂದ ಇಳಿಯುವಾಗ, ‘ನನಗೂ ಆ ಹರದ ತಂತೀನ ನೆನಪಿತ್ತು’ ಎಂದ.

ಗಿರಣಿಯ ಮುಂದೆ ಕೇರಿಯವರೆಲ್ಲ ಸೇರಿದರು. ತಿಂಗಳಿಗೆ ಒಂದು ಚೀಲ ಜೋಳ ಬೀಸಿದ ಕೂಲಿಯಷ್ಟು ಕೊಟ್ಟರೆ ಸಾಕು, ಅದಕ್ಕಿಂತ ಹೆಚ್ಚು ಯಾರಿಂದಲೂ ತೆಗೆದುಕೊಳ್ಳುವುದಿಲ್ಲ ಎಂದು ಚನ್ನವೀರಣ್ಣ ಹೇಳಿದ. ಮನೆಗಳ ಮೇಲೆ ಸೋಲಾರ್ ಮೊದಲೇ ಇತ್ತು, ಕರೆಂಟಿನ ಚಿಂತೆ ಇರಲಿಲ್ಲ. ಆದರೂ ಗುಸುಗುಸು ಶುರುವಾಯಿತು. ಹುಡುಗರು ಕೆಡುತ್ತಾರೆ ಎಂದರು ಕೆಲವರು. ಒಂದು ಕುಟುಂಬದ ಸಲುವಾಗಿ ಎಲ್ಲರೂ ಯಾಕೆ ಎಂದರು ಇನ್ನು ಕೆಲವರು. ಫಕೀರವ್ವ ಬುಟ್ಟಿ ಹೆಣೆಯುವವಳು, ಬಾಯಿ ಜೋರು. ಅವಳು ಎದ್ದು ನಿಂತಳು.

‘ನನಗ ಓದಾಕ ಬರಂಗಿಲ್ಲ, ನನ್ನ ಹತ್ರ ಫೋನೂ ಇಲ್ಲ. ನನಗ್ಯಾಕ ನೆಟ್ಟು?’ ಎಂದಳು. ‘ಆದ್ರ ನನ್ನ ಮನೀ ಮ್ಯಾಲೂ ಒಂದು ತಟ್ಟಿ ಇಡ್ರಿ. ಅಮಾಸಿ ಆದಮ್ಯಾಲ ಆ ಹುಡುಗಿ ಮನೀ ನನ್ನ ಮನೀ ಹಿಂದ ಬಂದು ಕುಂತ್ರ ಏನು ಮಾಡ್ತೀರಿ? ಆಕಿಗೆ ಗಿರಣಿ ಮುಚ್ಚಿಹೋಗಂಗಿಲ್ಲೇನು? ನನ್ನ ತಟ್ಟಿಯಿಂದ ಆಕಿ ತಟ್ಟಿಗೆ ದಾಟಸ್ರಿ.’

ಒಬ್ಬೊಬ್ಬರಾಗಿ ಒಪ್ಪಿದರು.

ಗಿರಣಿಯ ಮಾಡಿನ ಮೇಲೆ ಕಬ್ಬಿಣದ ಕೊಳವೆ ನಿಲ್ಲಿಸಿ ತಟ್ಟೆ ಕಟ್ಟಿದ ದಿನ ಮೊದಲು ದಿಲ್ಶಾದಳ ಮನೆಗೇ ಹೋದೆವು. ಚನ್ನವೀರಣ್ಣ ಅವಳ ಸೂರಿನ ಮೇಲೆ ಕೂತು ಸಣ್ಣ ತಟ್ಟೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಿದ್ದ. ಒಳಗೆ ರೌಟರಿನ ದೀಪ ಹಸಿರಾಯಿತು. ಅವಳು ಮಲಗಿದಲ್ಲಿಂದಲೇ ಫೋನು ಹಚ್ಚಿದಳು. ಬಹಳ ಹೊತ್ತು ಯಾರೂ ತೆಗೆಯಲಿಲ್ಲ. ಆಮೇಲೆ ಬಸಲಿಂಗನ ಮುಖ, ಆಮೇಲೆ ಆಸ್ಪತ್ರೆಯ ಹಾಸಿಗೆ, ಆಮೇಲೆ ಮೌಲಾಲಿ. ಅವನು ಕತ್ತಿನವರೆಗೆ ಹೊದ್ದುಕೊಂಡಿದ್ದ. ಕೈ ಹೊರಗೆ ತೆಗೆಯಲೇ ಇಲ್ಲ. ದಿಲ್ಶಾದ್ ಏನೇನೋ ಕೇಳುತ್ತಿದ್ದಳು, ಅವನು ಕಣ್ಣು ಮುಚ್ಚಿಬಿಟ್ಟ. ಕಣ್ಣು ಮುಚ್ಚಿದ ಗಂಡನಿಗೆ ಅವಳು ಏನನ್ನು ತಾನೇ ಹೇಳಬಲ್ಲಳು? ಅವಳು ಕಾಯುತ್ತಿದ್ದಳು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಅದು ಅವರ ಮನೆ, ಇನ್ನು ಅದು ಬೀದಿಯಲ್ಲ.

ಅವನು ಕೈ ಹೊರಗೆ ತೆಗೆದು ಮಾತಾಡಿದ್ದು ಯಾವಾಗ ಎಂದು ನಾನು ಕೇಳಲಿಲ್ಲ. ಒಂದು ಮಧ್ಯಾಹ್ನ ಊಟ ಕೊಡಲು ಹೋದಾಗ ಅವಳು ತನ್ನ ಎಡಗೈಯೊಂದರಲ್ಲೇ ಏನೋ ಅಭ್ಯಾಸ ಮಾಡುತ್ತಿದ್ದಳು. ಅವರ ಎಷ್ಟೋ ಮಾತುಗಳಿಗೆ ಎರಡು ಕೈ ಬೇಕು. ಅವನಿಗಾಗಿ ಅವುಗಳನ್ನು ಒಂದು ಕೈಗೆ ಇಳಿಸುವ ದಾರಿ ಹುಡುಕುತ್ತಿದ್ದಳು. ಕೆಲವನ್ನು ಇಬ್ಬರೂ ಕೂಡಿ ಹೊಸದಾಗಿ ಕಟ್ಟಿದರಂತೆ. ಕೆಲವು ಮಾತು ಒಂದು ಕೈಗೆ ಬರಲೇ ಇಲ್ಲವಂತೆ.

ಹೆಣ್ಣುಮಗು ಹುಟ್ಟಿತು. ಮೇಲ್ಪೇಟೆಯ ಆಸ್ಪತ್ರೆಯಿಂದ ತಾಯಿಮಗುವನ್ನು ಮನೆಗೆ ತಂದ ಸಂಜೆಯೇ ಅಮಾವಾಸ್ಯೆ. ಅಲ್ಲಿ, ದೂರದ ಊರಿನಲ್ಲಿ, ಮೌಲಾಲಿಯ ಗಾಯ ಕೀವು ತುಂಬಿ ಕೆಟ್ಟಿತ್ತು. ಮರುದಿನ ಬೆಳಿಗ್ಗೆ ಇನ್ನೊಂದು ಆಪರೇಷನ್ ಆಗಬೇಕು ಎಂದು ಬಸಲಿಂಗ ತಿಳಿಸಿದ. ಮೌಲಾಲಿ ಈ ಸಲ ಮಂಚ ಹಿಡಿದುಕೊಂಡು ಕೂತಿದ್ದನಂತೆ. ಹೆಂಡತಿ ಕಾಣುವವರೆಗೆ ತನ್ನನ್ನು ಯಾರೂ ಮುಟ್ಟಕೂಡದು ಎಂದು.

ಬೆಳಕು ಹರಿಯುವ ಹೊತ್ತಿಗೆ ನಾನು ಹೊರಗೆ ಬಂದೆ. ಬಾವಿಯ ಪಕ್ಕ ಕಮ್ಮಾರರ ಮನೆ ಬಂದು ಕೂತಿತ್ತು. ದಿಲ್ಶಾದಳ ಮನೆ ಕೇರಿಯ ಕೊನೆಗೆ, ಹುಣಸೆಮರದ ಹಿಂದೆ ಹೋಗಿತ್ತು. ಓಣಿಯುದ್ದಕ್ಕೂ ಜನ ಸೂರು ಹತ್ತಿ ತಮ್ಮ ತಮ್ಮ ತಟ್ಟೆಗಳನ್ನು ಗಿರಣಿಯ ಕಡೆ ತಿರುಗಿಸುತ್ತಿದ್ದರು. ಒಬ್ಬೊಬ್ಬರ ಮನೆಯಲ್ಲಿ ದೀಪ ಹಸಿರಾದಾಗ ಒಳಗಿನಿಂದ ‘ಬಂತು, ಬಂತು’ ಎಂಬ ಕೂಗು ಕೇಳುತ್ತಿತ್ತು. ದಿಲ್ಶಾದಳ ಮನೆಗೆ ಬರಲಿಲ್ಲ. ಚನ್ನವೀರಣ್ಣ ಅವಳ ಸೂರಿನ ಮೇಲೆ ನಿಂತು ಹುಣಸೆಮರವನ್ನು ದಿಟ್ಟಿಸುತ್ತಿದ್ದ. ದಟ್ಟ ಮರ, ಗಿರಣಿಯ ತುದಿಯೂ ಕಾಣುತ್ತಿರಲಿಲ್ಲ.

‘ಕಡದು ಹಾಕೋಣೇನು?’ ಎಂದು ಯಾರೋ ಕೇಳಿದರು.

‘ಅದನ್ನ ಕಡಿಯೂದರಾಗ ಮಧ್ಯಾಹ್ನ ಆಗತೈತಿ’ ಎಂದ ಚನ್ನವೀರಣ್ಣ. ‘ನಡುವ ಒಂದು ಮನೀ ಬೇಕು. ಗಿರಣೀನೂ ಕಾಣಬೇಕು, ಈ ಮನೀನೂ ಕಾಣಬೇಕು.’

ಫಕೀರವ್ವನ ಮನೆ ಆ ಸಲ ಓಣಿಯ ತಿರುವಿಗೆ ಬಂದಿತ್ತು. ಅವಳು ಆಗಲೇ ಏಣಿ ಹಚ್ಚಿದ್ದಳು. ಅವಳ ಸೂರಿನ ತಟ್ಟೆ ಗಿರಣಿಯ ಕಡೆಗೆ, ಅದರ ಬೆನ್ನಿಗೆ ಚನ್ನವೀರಣ್ಣ ಕಟ್ಟಿದ ಇನ್ನೊಂದು ತಟ್ಟೆ, ಮರದ ಪಕ್ಕದಿಂದ ದಿಲ್ಶಾದಳ ಸೂರಿನ ಕಡೆಗೆ. ಅಷ್ಟು ಕಟ್ಟುವಷ್ಟರಲ್ಲಿ ಬಸಲಿಂಗ ನನಗೆ ಮತ್ತೆ ಮತ್ತೆ ಫೋನು ಮಾಡುತ್ತಿದ್ದ. ‘ಡಾಕ್ಟರು ಇನ್ನ ಕಾಯಂಗಿಲ್ಲ ಅಂತಾರ್ರಿ ಅಕ್ಕಾ.’ ‘ಕಾಯಾಕ ಹೇಳು. ಅವನ ಕೈ ಅದು, ಕಾಯಾಕ ಹೇಳು’ ಎಂದು ನಾನು ಒದರಿದೆ.

ದೀಪ ಹಸಿರಾಯಿತು.

ಪರದೆಯ ಮೇಲೆ ಮೌಲಾಲಿ ಕಂಡ. ಇಳಿದುಹೋಗಿದ್ದ, ಗಡ್ಡ ಬೆಳೆದಿತ್ತು. ಆ ಕಡೆ ಡಾಕ್ಟರು ತಮ್ಮ ಭಾಷೆಯಲ್ಲಿ ಹೇಳುತ್ತಿದ್ದರು, ಬಸಲಿಂಗ ಅದನ್ನು ನಮ್ಮ ಮಾತಿಗೆ ತಿರುಗಿಸುತ್ತಿದ್ದ, ನಾನು ನನ್ನ ತೊದಲು ಸನ್ನೆಯಲ್ಲಿ ದಿಲ್ಶಾದಳಿಗೆ ತೋರಿಸುತ್ತಿದ್ದೆ, ಅವಳು ಅದನ್ನು ತಮ್ಮಿಬ್ಬರ ಭಾಷೆಯಲ್ಲಿ ಅವನಿಗೆ ಹೇಳುತ್ತಿದ್ದಳು. ಕೀವು ಮೇಲಕ್ಕೆ ಏರುತ್ತಿದೆ. ಇನ್ನು ಸ್ವಲ್ಪ ತೆಗೆಯಬೇಕು, ಮೊಣಕೈ ಉಳಿಸಲು ನೋಡುತ್ತೇವೆ, ಉಳಿಯುತ್ತದೆಂದು ಮಾತು ಕೊಡಲಾರೆವು. ಆ ಕೊನೆಯ ಮಾತನ್ನು ನಾನು ಸ್ವಲ್ಪ ಮೆತ್ತಗೆ ಮಾಡಲು ನೋಡಿದೆ. ದಿಲ್ಶಾದ್ ನನ್ನ ಮಣಿಕಟ್ಟು ಹಿಡಿದಳು. ‘ಇದ್ದದ್ದು ಇದ್ದ ಹಾಗೆ’ ಎಂದಳು. ನಾನು ಇದ್ದ ಹಾಗೆ ತೋರಿಸಿದೆ. ಅವಳು ಇದ್ದ ಹಾಗೆ ಹೇಳಿದಳು.

ಮೌಲಾಲಿ ಎಡಗೈಯಲ್ಲಿ ಏನೋ ಕೇಳಿದ. ಅದು ಬಂದ ದಾರಿಯಲ್ಲೇ ಹಿಂದಕ್ಕೆ, ಅವಳಿಂದ ನನಗೆ, ನನ್ನಿಂದ ಬಸಲಿಂಗನಿಗೆ, ಡಾಕ್ಟರಿಗೆ ಹೋಯಿತು: ಎಚ್ಚರವಾದಾಗ ನನಗೆ ಮೊದಲು ಯಾರು ಹೇಳುತ್ತಾರೆ? ‘ಈ ಫೋನು ಅವನ ಹಾಸಿಗಿ ಹತ್ರಾನ ಇರತೈತಂತ. ಹೆಂಡ್ತೀನ ಹೇಳಲಿ ಅಂತಾರ’ ಎಂದ ಬಸಲಿಂಗ. ಅದನ್ನು ಅವನಿಗೆ ಮುಟ್ಟಿಸಿದೆವು. ಮೌಲಾಲಿ ತಲೆಯಾಡಿಸಿ ಒಪ್ಪಿಗೆ ಕೊಟ್ಟ.

ಗಾಲಿಮಂಚ ತಳ್ಳಲು ಬಂದವರನ್ನು ಅವನೇ ತಡೆದ. ಮಗು ಎಂದು ಸನ್ನೆ ಮಾಡಿದ.

ಕಿವುಡರ ನಡುವೆ ಕಾಗದದ ಹೆಸರು ಬೇರೆ, ಕೈಯಿಂದ ಕರೆಯುವ ಹೆಸರು ಬೇರೆ. ಕೈಯ ಹೆಸರನ್ನು ಮುಖ ಕಣ್ಣಾರೆ ನೋಡಿದವರೇ ಇಡಬೇಕು. ದಿಲ್ಶಾದ್ ಅದುವರೆಗೆ ಯಾರಿಗೂ ಇಡಲು ಬಿಟ್ಟಿರಲಿಲ್ಲ, ತಾನೂ ಇಟ್ಟಿರಲಿಲ್ಲ. ಈಗ ಮಗುವಿನ ಮುಖದ ಮೇಲಿನ ಬಟ್ಟೆ ಸರಿಸಿ ಪರದೆಯ ಮುಂದೆ ಹಿಡಿದಳು. ಅವನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ಚಿತ್ರ ನಿಂತುಹೋಯಿತೇನೋ ಎಂದು ನಾನು ಹೆದರಿದೆ. ಮಗುವಿನ ಗಲ್ಲದ ನಡುವೆ ಒಂದು ಸಣ್ಣ ಗುಳಿಯಿತ್ತು. ಅವನು ಕೈ ಎತ್ತಿದ. ರೂಢಿಯಂತೆ ಬಲದ ಬ್ಯಾಂಡೇಜೂ ಜೊತೆಗೆ ಮೇಲೆದ್ದಿತು. ಅದನ್ನು ನೋಡಿಕೊಂಡು ಮೆಲ್ಲಗೆ ಕೆಳಗಿಟ್ಟ. ಎಡಗೈಯ ತೋರುಬೆರಳನ್ನು ಮಾತ್ರ ತನ್ನ ಗಲ್ಲದ ನಡುವೆ ಇಟ್ಟು, ಎರಡು ಸಲ ಮುಟ್ಟಿದ.

ದಿಲ್ಶಾದ್ ಮಗುವನ್ನು ಬಲಗೈಗೆ ಒರಗಿಸಿಕೊಂಡು, ಎಡಗೈಯಿಂದ ಹಾಗೆಯೇ ಮುಟ್ಟಿದಳು. ಬಾಗಿಲಲ್ಲಿ ಏಣಿ ಹಿಡಿದು ನಿಂತಿದ್ದ ಫಕೀರವ್ವ, ‘ಏನಂತ ಇಟ್ಟಾನ?’ ಎಂದಳು. ನಾನು ತೋರಿಸಿದೆ. ಅವಳೂ ಬೆರಳಿನಿಂದ ಗಲ್ಲ ಮುಟ್ಟಿಕೊಂಡು, ‘ಛಲೋ ಐತಿ’ ಎಂದಳು.

ಗಾಲಿಮಂಚ ಹೊರಟಿತು. ಬಸಲಿಂಗ ಫೋನು ಹಿಡಿದು ಜೊತೆಗೆ ನಡೆಯುತ್ತಿದ್ದ. ಚಿತ್ರ ಅಲುಗಾಡುತ್ತಿತ್ತು, ಮೇಲಿನ ದೀಪಗಳು ಒಂದಾದ ಮೇಲೊಂದು ಹಾದುಹೋಗುತ್ತಿದ್ದವು. ಬಾಗಿಲು ಮುಚ್ಚುವವರೆಗೂ ಅವನು ಬೆರಳಿನಿಂದ ಗಲ್ಲ ಮುಟ್ಟಿಕೊಂಡು ಮಗಳನ್ನು ಕರೆಯುತ್ತಲೇ ಇದ್ದ.